ಮಡಚುವ ಚಾಕುಗಳ ಗಾತ್ರ ಮತ್ತು ತೂಕವನ್ನು ಹೋಲಿಸುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದಂತಹ ಊರುಗಳಲ್ಲಿ ಮಚ್ಚು, ಕತ್ತಿ, ಕಸಿ ಕತ್ತರಿಗಳನ್ನು ಅಂಗಡಿಯಲ್ಲಿಯೇ ಕೈಗೆತ್ತಿಕೊಂಡು, ಒಮ್ಮೆ ಬೀಸಿ ನೋಡಿ ಕೊಳ್ಳಬಹುದು. ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕುಗಳ ವಿಷಯದಲ್ಲಿ ಈ ಅನುಕೂಲ ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೆರಡು ಮಾದರಿಗಳು ಸಿಕ್ಕರೆ ಅದೇ ಹೆಚ್ಚು. ಸ್ವಿಸ್, ಫ್ರೆಂಚ್ ಅಥವಾ ಅಮೆರಿಕನ್ ತಯಾರಿಕೆಯ ಚಾಕುವನ್ನು ಬಯಸುವವರು ಮೊಬೈಲ್ ಪರದೆಯ ಮೇಲಿನ ಚಿತ್ರವನ್ನೂ ಅದರ ಕೆಳಗೆ ಬರೆದಿರುವ ನಾಲ್ಕಾರು ಅಂಕಿಗಳನ್ನೂ ನಂಬಿ ಹಣ ಕೊಡಬೇಕಾಗುತ್ತದೆ. ಚಿತ್ರದಿಂದ ಗಾತ್ರ ತಿಳಿಯುವುದಿಲ್ಲ, ಏಕೆಂದರೆ 58 ಮಿ.ಮೀ. ಉದ್ದದ ಚಾಕುವೂ 124 ಮಿ.ಮೀ. ಉದ್ದದ ಚಾಕುವೂ ಪರದೆಯ ಮೇಲೆ ಒಂದೇ ಅಗಲವನ್ನು ತುಂಬಿಕೊಂಡು ನಿಲ್ಲುತ್ತವೆ. ಉಳಿಯುವುದು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಹೇಗೆ ಓದಬೇಕು, ಕೈಯಲ್ಲಿರುವ ಚಾಕುವನ್ನು ಹೇಗೆ ಅಳೆದು ಅವುಗಳೊಡನೆ ಹೋಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಎಚ್ಚರಿಕೆ ಅಗತ್ಯ. ಉದ್ದವೊಂದನ್ನೇ ಹಿಡಿದು ಹೋಲಿಸುವುದು ದಾರಿ ತಪ್ಪಿಸುತ್ತದೆ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಸಂಸ್ಥೆಯ 91 ಮಿ.ಮೀ. ಸಾಲಿನ ಚಾಕುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಸ್ಪಾರ್ಟನ್, ಹಂಟ್ಸ್‌ಮನ್, ಸ್ವಿಸ್ ಚಾಂಪ್ ಎಂಬ ಮೂರೂ ಮಾದರಿಗಳ ಮಡಚಿದ ಉದ್ದ 91 ಮಿ.ಮೀ.; ದೊಡ್ಡ ಅಲಗಿನ ಉದ್ದವೂ ಒಂದೇ. ಆದರೆ ಸ್ಪಾರ್ಟನ್ ಸುಮಾರು 60 ಗ್ರಾಂ, ಹಂಟ್ಸ್‌ಮನ್ ಸುಮಾರು 97 ಗ್ರಾಂ, ಸ್ವಿಸ್ ಚಾಂಪ್ ಸುಮಾರು 185 ಗ್ರಾಂ ತೂಗುತ್ತವೆ. ವ್ಯತ್ಯಾಸವೆಲ್ಲ ದಪ್ಪದಲ್ಲಿದೆ: ಮೊದಲನೆಯದು ಹೆಚ್ಚುಕಡಿಮೆ 15 ಮಿ.ಮೀ. ದಪ್ಪವಿದ್ದರೆ ಕೊನೆಯದು 33 ಮಿ.ಮೀ. ಇದೆ. ಉದ್ದದ ಕಾಲಂ ಒಂದನ್ನೇ ನೋಡಿದವರಿಗೆ ಇವು ಮೂರೂ ಒಂದೇ ಚಾಕು. ಪ್ಯಾಂಟಿನ ಜೇಬಿಗೆ ಹಾಕಿಕೊಂಡು ನಡೆದವರಿಗೆ ಮೂರು ಬೇರೆ ಬೇರೆ ವಸ್ತುಗಳು. ನನ್ನ ಮಟ್ಟಿಗೆ, ಜೇಬಿನ ಚಾಕುವಿನ ಹೋಲಿಕೆಯಲ್ಲಿ ಮೊದಲು ನೋಡಬೇಕಾದದ್ದು ದಪ್ಪ, ನಂತರ ತೂಕ, ಅದಾದ ಮೇಲೆ ಮಡಚಿದ ಉದ್ದ. ಜಾಹೀರಾತುಗಳು ದೊಡ್ಡ ಅಕ್ಷರದಲ್ಲಿ ಹೇಳುವ ಒಟ್ಟು ಉದ್ದಕ್ಕೆ ಈ ಸಾಲಿನಲ್ಲಿ ಕೊನೆಯ ಸ್ಥಾನ.

ಎಲ್ಲಿಂದ ಎಲ್ಲಿಗೆ ಅಳೆಯಬೇಕು

ಚಾಕು ದಿನದ ಬಹುಪಾಲು ಸಮಯ ಮಡಚಿಯೇ ಇರುವುದರಿಂದ ಅಳೆಯುವ ಕೆಲಸವನ್ನು ಮಡಚಿದ ಉದ್ದದಿಂದ ಆರಂಭಿಸುವುದು ಸರಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ಬಳಸುವವರು ಸೊನ್ನೆಯ ಗೆರೆ ಸ್ಕೇಲಿನ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗಿರುತ್ತದೆ ಎಂಬುದನ್ನು ಮರೆಯಬಾರದು. ಬಡಗಿಯ ಟೇಪಿನ ತುದಿಯ ಕೊಕ್ಕೆಯಂತೂ ಉದ್ದೇಶಪೂರ್ವಕವಾಗಿಯೇ ಸ್ವಲ್ಪ ಅಲುಗಾಡುವಂತೆ ಇರುತ್ತದೆ, ಆದ್ದರಿಂದ ಸಣ್ಣ ವಸ್ತುಗಳಿಗೆ ಅದು ಒಗ್ಗುವುದಿಲ್ಲ. ಹಿಡಿಯ ತುದಿಗಳು ದುಂಡಗಿರುವ ಕಾರಣ ಸ್ಕೇಲನ್ನು ಪಕ್ಕದಲ್ಲಿಟ್ಟು ಕಣ್ಣಳತೆಯಿಂದ ಓದಿದರೆ ಎರಡು ಮೂರು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಚಾಕುವನ್ನು ಮೇಜಿನ ಮೇಲೆ ಮಲಗಿಸಿ, ಅದರ ಎರಡೂ ತುದಿಗಳಿಗೆ ತಾಗುವಂತೆ ಎರಡು ದಪ್ಪ ರಟ್ಟಿನ ಪುಸ್ತಕಗಳನ್ನೋ ನೇರ ಅಂಚಿನ ಮರದ ತುಂಡುಗಳನ್ನೋ ಒತ್ತಿ ನಿಲ್ಲಿಸಿ, ಚಾಕುವನ್ನು ತೆಗೆದು ಆ ಎರಡರ ನಡುವಿನ ಅಂತರವನ್ನು ಅಳೆದರೆ ಈ ತೊಂದರೆ ಇರುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಸಿಗುವ 150 ಮಿ.ಮೀ. ಕ್ಯಾಲಿಪರ್ ಜೇಬಿಗೆ ಹಿಡಿಸುವ ಯಾವುದೇ ಚಾಕುವಿಗೆ ಸಾಕಾಗುತ್ತದೆ. ಡಿಜಿಟಲ್ ಕ್ಯಾಲಿಪರ್ ಮಿಲಿಮೀಟರಿನ ನೂರನೇ ಭಾಗವನ್ನೂ ತೋರಿಸುತ್ತದೆ ಎಂಬುದು ನಿಜವಾದರೂ ಈ ಕೆಲಸಕ್ಕೆ ಅಷ್ಟು ಸೂಕ್ಷ್ಮತೆಯ ಬೆನ್ನು ಹತ್ತುವುದು ವ್ಯರ್ಥ. ಮಿಲಿಮೀಟರಿಗೆ ಸರಿಪಡಿಸಿ ಬರೆದುಕೊಂಡರೆ ಸಾಕು.

ಬೀಗದ ಕೈ ಸಿಕ್ಕಿಸುವ ಬಳೆ, ದಾರ ಕಟ್ಟುವ ಕೊಂಡಿ, ಬೆರಳಿನಿಂದ ಒತ್ತಿ ಅಲಗನ್ನು ತೆರೆಯಲು ಹಿಡಿಯ ಬೆನ್ನಿನ ಕಡೆ ಚಾಚಿಕೊಂಡಿರುವ ಮೂತಿ, ಇವುಗಳನ್ನು ಅಳತೆಯಲ್ಲಿ ಸೇರಿಸಿದ್ದೀರೋ ಇಲ್ಲವೋ ಎಂಬುದನ್ನು ಪಕ್ಕದಲ್ಲಿಯೇ ಬರೆದಿಡಬೇಕು. ಎಲ್ಲ ಚಾಕುಗಳಿಗೂ ಒಂದೇ ನಿಯಮ ಅನುಸರಿಸಿದರೆ ಯಾವ ನಿಯಮವಾದರೂ ನಡೆಯುತ್ತದೆ.

ದಪ್ಪವನ್ನು ಎರಡು ಸಲ ಅಳೆಯುವುದು ಒಳ್ಳೆಯದು: ಜೇಬಿಗೆ ಸಿಕ್ಕಿಸುವ ಕ್ಲಿಪ್ ಬಿಟ್ಟು ಒಮ್ಮೆ, ಕ್ಲಿಪ್ ಸೇರಿಸಿ ಇನ್ನೊಮ್ಮೆ. ಕ್ಲಿಪ್ ಇರುವ ಚಾಕು ಜೇಬಿನ ಅಂಚಿಗೆ ನೇತಾಡುತ್ತದೆ, ತಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಅದರ ಉದ್ದ ಅಷ್ಟಾಗಿ ಕಾಡುವುದಿಲ್ಲ, ಆದರೆ ಜೇಬಿನೊಳಗೆ ಕೈ ಹಾಕುವ ಜಾಗವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ಕ್ಲಿಪ್ ಇಲ್ಲದ ಚಾಕು ತಳದಲ್ಲಿ ಅಡ್ಡಡ್ಡ ಮಲಗುತ್ತದೆ, ಆಗ ಉದ್ದವೂ ತೊಡೆಗೆ ತಾಗುತ್ತದೆ. ಇಲ್ಲಿ ಮತ್ತೊಂದು ಗೊಂದಲವಿದೆ. ಕೆಲವು ತಯಾರಕರು ತಮ್ಮ ವಿವರಪಟ್ಟಿಯಲ್ಲಿ ದಪ್ಪವನ್ನು ‘ಹೈಟ್’ ಎಂದು ಬರೆಯುತ್ತಾರೆ, ಚಾಕುವನ್ನು ಮೇಜಿನ ಮೇಲೆ ಮಲಗಿಸಿದಾಗ ಅದು ಮೇಲಕ್ಕೆ ಎಷ್ಟು ಎತ್ತರವಾಗಿ ನಿಲ್ಲುತ್ತದೆ ಎಂಬ ಅರ್ಥದಲ್ಲಿ. ಇನ್ನು ಕೆಲವರು ಹಿಡಿಯ ಅಗಲವನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಎರಡು ಕಂಪನಿಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಶೀರ್ಷಿಕೆಯನ್ನು ನಂಬದೆ, ಅಂಕಿಯನ್ನು ಚಿತ್ರದೊಡನೆ ತಾಳೆ ನೋಡಿ ಯಾವುದು ಯಾವುದೆಂದು ತೀರ್ಮಾನಿಸಬೇಕು.

ಅಲಗಿನ ಉದ್ದದ ವಿಷಯದಲ್ಲಿ ತಕರಾರು ಹೆಚ್ಚು. ಅಮೆರಿಕನ್ ನೈಫ್ ಅಂಡ್ ಟೂಲ್ ಇನ್‌ಸ್ಟಿಟ್ಯೂಟ್ ಸೂಚಿಸಿರುವ ಕ್ರಮದ ಪ್ರಕಾರ ಅಲಗಿನ ಮೊನೆಯಿಂದ ಹಿಡಿಯ ಮುಂತುದಿಯವರೆಗೆ ನೇರ ಗೆರೆಯಲ್ಲಿ ಅಳೆಯಬೇಕು. ಅಲಗು ಬಾಗಿದ್ದರೂ ಬಾಗಿನ ಗುಂಟ ಟೇಪ್ ಓಡಿಸಬಾರದು. ಆದರೆ ಹೀಗೆ ಅಳೆದ ಉದ್ದವೆಲ್ಲವೂ ಕತ್ತರಿಸುವುದಿಲ್ಲ. ಅಲಗು ಹಿಡಿಯಿಂದ ಹೊರಬರುವ ಜಾಗದಲ್ಲಿ ಹರಿತವಿಲ್ಲದ ಮೊಂಡು ಭಾಗವೊಂದು ಇದ್ದೇ ಇರುತ್ತದೆ. ಬೆರಳಿಡಲು ಕಚ್ಚು ಮಾಡಿದ್ದರೆ ಆ ಭಾಗ ಇನ್ನಷ್ಟು ದೊಡ್ಡದು. ಅದು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸ್ಪೈಡರ್ಕೋದಂತಹ ಕಂಪನಿಗಳು ಅಲಗಿನ ಉದ್ದವನ್ನೂ ಹರಿತದ ಉದ್ದವನ್ನೂ ಬೇರೆ ಬೇರೆಯಾಗಿ ನಮೂದಿಸುತ್ತವೆ. ಉಳಿದವರು ಮೊದಲನೆಯದನ್ನು ಮಾತ್ರ ಹೇಳಿ ಸುಮ್ಮನಾಗುತ್ತಾರೆ. ಎರಡು ಚಾಕುಗಳನ್ನು ಹೋಲಿಸುವಾಗ ಒಂದರ ಹರಿತದ ಉದ್ದವನ್ನು ಇನ್ನೊಂದರ ಅಲಗಿನ ಉದ್ದದ ಪಕ್ಕದಲ್ಲಿ ಬರೆದುಕೊಂಡರೆ ಹೋಲಿಕೆಯೇ ಕೆಟ್ಟಿತು.

ಅಮೆರಿಕನ್ ಪಟ್ಟಿಗಳಲ್ಲಿ ಉದ್ದವು ಇಂಚಿನಲ್ಲಿಯೂ ತೂಕವು ಔನ್ಸಿನಲ್ಲಿಯೂ ಇರುತ್ತದೆ. ಒಂದು ಇಂಚು 25.4 ಮಿ.ಮೀ., ಒಂದು ಔನ್ಸ್ 28.35 ಗ್ರಾಂ ಎಂಬ ಎರಡು ಸಂಖ್ಯೆಗಳು ನೆನಪಿನಲ್ಲಿದ್ದರೆ ಉಳಿದದ್ದು ಗುಣಾಕಾರ ಮಾತ್ರ. ಭಿನ್ನರಾಶಿಗಳನ್ನು ಓದುವಾಗ ಎಚ್ಚರವಿರಲಿ: ಮೂರೂ ಒಂದು ಎಂಟನೇ ಇಂಚು ಎಂದರೆ 3.125, ಅಂದರೆ 79 ಮಿ.ಮೀ.; ಅದನ್ನು ಅವಸರದಲ್ಲಿ 3.18 ಎಂದು ಟೈಪ್ ಮಾಡಿದವರ ಪಟ್ಟಿಗಳು ಮಾರಾಟದ ತಾಣಗಳಲ್ಲಿ ಸಿಗುತ್ತವೆ.

ಪಟ್ಟಿಯ ಅಂಕಿಗಳು ಪರಸ್ಪರ ಹೊಂದುತ್ತವೆಯೇ ಎಂದು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಬಹುತೇಕ ಚಾಕುಗಳಲ್ಲಿ ಅಲಗು ಹಿಡಿಯ ತುದಿಯಲ್ಲಿರುವ ಕೀಲಿನ ಮೇಲೆ ತಿರುಗುವುದರಿಂದ, ಮಡಚಿದ ಉದ್ದಕ್ಕೆ ಅಲಗಿನ ಉದ್ದವನ್ನು ಕೂಡಿಸಿದರೆ ಬಿಚ್ಚಿದ ಒಟ್ಟು ಉದ್ದ ಹೆಚ್ಚುಕಡಿಮೆ ಬರಬೇಕು. ಫ್ರಾನ್ಸಿನ ಒಪಿನೆಲ್ ನಂ. 8 ಚಾಕುವಿನ ಹಿಡಿ 110 ಮಿ.ಮೀ., ಅಲಗು 85 ಮಿ.ಮೀ., ಒಟ್ಟು 195. ಅಮೆರಿಕದ ಬಕ್ 110 ಮಾದರಿಯಲ್ಲಿ 124ಕ್ಕೆ 95 ಕೂಡಿ 219. ಯಾವುದಾದರೂ ಪಟ್ಟಿಯಲ್ಲಿ ಮಡಚಿದ ಉದ್ದ 100, ಅಲಗು 95, ಒಟ್ಟು ಉದ್ದ 170 ಎಂದು ಬರೆದಿದ್ದರೆ ಮೂರರಲ್ಲಿ ಒಂದಾದರೂ ತಪ್ಪು. ಅಂತಹ ಪಟ್ಟಿಯಲ್ಲಿ ತೂಕವನ್ನೂ ನಂಬಬೇಕಾಗಿಲ್ಲ.

ಗ್ರಾಫ್ ಕಾಗದದ ಮೇಲೆ

ಅಂಕಿಗಳಿಗಿಂತ ಬೇಗ ಮನಸ್ಸಿಗೆ ನಾಟುವುದು ಆಕಾರ. ಮಿಲಿಮೀಟರ್ ಚೌಕಗಳಿರುವ ಗ್ರಾಫ್ ಹಾಳೆಯ ಎಡಗಡೆಯ ಕೆಳಮೂಲೆಯನ್ನು ಆರಂಭದ ಬಿಂದುವಾಗಿಟ್ಟುಕೊಂಡು, ನಿಮ್ಮಲ್ಲಿರುವ ಚಾಕುವನ್ನು ಮಡಚಿ ಅಲ್ಲಿಗೆ ಒತ್ತಿ, ಚೂಪಾದ ಪೆನ್ಸಿಲನ್ನು ನೆಟ್ಟಗೆ ಹಿಡಿದು ಅಂಚಿನ ಸುತ್ತ ಗೆರೆ ಎಳೆಯಬೇಕು. ಪೆನ್ಸಿಲ್ ಒಳಕ್ಕೆ ವಾಲಿದರೆ ಆಕಾರ ಕುಗ್ಗುತ್ತದೆ, ಹೊರಕ್ಕೆ ವಾಲಿದರೆ ಹಿಗ್ಗುತ್ತದೆ. ಅದೇ ಮೂಲೆಯಿಂದ, ಬೇರೆ ಬಣ್ಣದ ಪೆನ್ಸಿಲಿನಿಂದ, ಎರಡನೆಯ ಚಾಕುವಿನ ಗೆರೆಯನ್ನೂ ಎಳೆದರೆ ಯಾವುದು ಎಲ್ಲಿ ಚಾಚಿಕೊಂಡಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಎರಡು ಚಾಕುಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೂ ಒಂದರ ಅಲಗಿನ ಬೆನ್ನು ಮಡಚಿದಾಗ ಹಿಡಿಯಿಂದ ಮೇಲಕ್ಕೆ ಉಬ್ಬಿ ನಿಂತಿರುವುದು ಈ ಹಾಳೆಯಲ್ಲಿ ಎದ್ದು ಕಾಣುತ್ತದೆ. ಜೇಬಿನ ಬಟ್ಟೆಯನ್ನು ಉಜ್ಜಿ ಸವೆಸುವುದು ಆ ಉಬ್ಬೇ.

ಕೈಯಲ್ಲಿ ಇಲ್ಲದ ಚಾಕುವಿಗೆ ಅದರ ನೇರ ಪಾರ್ಶ್ವನೋಟದ ಚಿತ್ರ ಬೇಕು. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಡಚಿದ ಉದ್ದಕ್ಕೆ ಸರಿಹೊಂದಿಸಿ, ಎ4 ಹಾಳೆಯಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆಸಬೇಕು. ಜೆರಾಕ್ಸ್ ಅಂಗಡಿಯಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಒತ್ತಿಬಿಟ್ಟರೆ ಅಳತೆ ಬದಲಾಗುತ್ತದೆ. ಆದ್ದರಿಂದ ಚಿತ್ರದ ಪಕ್ಕದಲ್ಲಿ 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲದ ಒಂದು ಆಯತವನ್ನೂ ಹಾಕಿಸಿ, ಪ್ರಿಂಟ್ ಬಂದ ಮೇಲೆ ಎಟಿಎಂ ಕಾರ್ಡನ್ನೋ ಪಿವಿಸಿ ಆಧಾರ್ ಕಾರ್ಡನ್ನೋ ಅದರ ಮೇಲಿಟ್ಟು ನೋಡಬೇಕು. ಕಾರ್ಡ್ ಸರಿಯಾಗಿ ಕುಳಿತರೆ ಚಾಕುವಿನ ಚಿತ್ರವೂ ಸರಿ. ಯಾರಾದರೂ ಪರಿಚಿತರು ತಮ್ಮ ಚಾಕುವಿನ ಫೋಟೋ ಕಳುಹಿಸುವುದಾದರೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯವನ್ನಿಡಲು ಹೇಳಬೇಕು. ಅದರ ವ್ಯಾಸ 27 ಮಿ.ಮೀ. ಒಂದು, ಎರಡು, ಐದು ರೂಪಾಯಿ ನಾಣ್ಯಗಳು ಸರಣಿಯಿಂದ ಸರಣಿಗೆ ಗಾತ್ರ ಬದಲಿಸಿಕೊಂಡಿರುವುದರಿಂದ ಅವು ಬೇಡ. ಫೋಟೋ ತೆಗೆಯುವವರು ಮೊಬೈಲನ್ನು ಚಾಕುವಿನ ಮೇಲೆ ನೇರವಾಗಿ, ಸಾಕಷ್ಟು ಎತ್ತರದಲ್ಲಿ ಹಿಡಿಯಬೇಕು. ಹತ್ತಿರದಿಂದ ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ ತುದಿ ಹಿಗ್ಗಿ ದೂರದ ತುದಿ ಕುಗ್ಗುತ್ತದೆ.

ತೂಕ ಹಾಕುವುದು

ದಿನಸಿ ಅಂಗಡಿಯ ತೂಕಯಂತ್ರದ ಮೇಲೆ ಚಾಕುವನ್ನಿಟ್ಟು ಬರುವ ಸಂಖ್ಯೆಯನ್ನು ನೆಚ್ಚಿಕೊಳ್ಳಬಾರದು. ಸಾಮಾನ್ಯವಾದ 30 ಕಿಲೋ ಯಂತ್ರ 5 ಗ್ರಾಂ ಹೆಜ್ಜೆಯಲ್ಲಿ ಏರುತ್ತದೆ; ಅದರ ಪಕ್ಕದ ತಗಡಿನ ಮೇಲೆ ಕನಿಷ್ಠ ತೂಕ 100 ಗ್ರಾಂ ಎಂದು ಬರೆದಿರುವುದನ್ನೂ ಕಾಣಬಹುದು. ಅಂದರೆ 58 ಮಿ.ಮೀ.ನ ವಿಕ್ಟೋರಿನಾಕ್ಸ್ ಕ್ಲಾಸಿಕ್‌ನಂತಹ ಸುಮಾರು 21 ಗ್ರಾಂ ಚಾಕು ಆ ಯಂತ್ರದ ಭರವಸೆಯ ವ್ಯಾಪ್ತಿಗೇ ಬರುವುದಿಲ್ಲ. ಅಡುಗೆಮನೆಯ 1 ಗ್ರಾಂ ಹೆಜ್ಜೆಯ ತಕ್ಕಡಿ ಸಾಕು. ನಮ್ಮ ಜಿಲ್ಲೆಗಳಲ್ಲಿ ಇನ್ನೂ ಉತ್ತಮವಾದ ಸಾಧನ ಸುಲಭವಾಗಿ ಸಿಗುತ್ತದೆ: ಕಾಫಿಯ ಔಟ್‌ಟರ್ನ್ (ಒಣ ಕಾಯಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡಲು ಸ್ಯಾಂಪಲ್ ತೂಗುವವರ ಬಳಿ, ಫಿಲ್ಟರ್ ಬಿಟ್ಟು ಪೋರ್‌ಓವರ್ ಕಾಫಿ ಹಿಡಿದಿರುವ ಹೋಂಸ್ಟೇಗಳ ಬಳಿ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಗಳಿವೆ.

ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಅದೇ ಹತ್ತು ರೂಪಾಯಿ ನಾಣ್ಯಗಳನ್ನು ಬಳಸಬಹುದು. ಒಂದು ನಾಣ್ಯ ಸುಮಾರು 7.7 ಗ್ರಾಂ, ಹತ್ತು ನಾಣ್ಯಗಳನ್ನು ಒಟ್ಟಿಗೆ ಇಟ್ಟಾಗ 77 ಗ್ರಾಂ ಆಸುಪಾಸು ಬರಬೇಕು. 72 ಅಥವಾ 82 ತೋರಿಸಿದರೆ ಬ್ಯಾಟರಿ ಬದಲಿಸಿ, ಸಮತಟ್ಟಾದ ಗಟ್ಟಿ ಜಾಗದಲ್ಲಿಟ್ಟು ಮತ್ತೆ ನೋಡಬೇಕು. ಫ್ಯಾನ್ ಗಾಳಿ 0.1 ಗ್ರಾಂ ತಕ್ಕಡಿಯನ್ನು ಅಲುಗಾಡಿಸುತ್ತದೆ.

ಚಾಕುವನ್ನು ಒಣಗಿಸಿ, ಕೀಲಿನೊಳಗಿನ ಕಸ ತೆಗೆದು ತೂಗಬೇಕು. ಇದು ಮಲೆನಾಡಿನ ಮಳೆಗಾಲದಲ್ಲಿ ಬರಿಯ ಶಿಸ್ತಿನ ಮಾತಲ್ಲ. ಒಪಿನೆಲ್ ಚಾಕುವಿನ ಬೀಚ್ ಮರದ ಹಿಡಿ ತೇವವನ್ನು ಹೀರಿಕೊಂಡು ಉಬ್ಬುತ್ತದೆ. ತೂಕ ತುಸು ಏರುವುದಷ್ಟೇ ಅಲ್ಲ, ಹಿಡಿಯ ಸೀಳು ಬಿಗಿದು ಅಲಗು ಹೊರಬರುವುದೇ ಕಷ್ಟವಾಗುತ್ತದೆ. ಆಗ ಹಿಡಿಯ ಹಿಂತುದಿಯನ್ನು ಮರದ ಹಲಗೆಯ ಮೇಲೆ ಒಮ್ಮೆ ಕುಟ್ಟಿದರೆ ಅಲಗು ಸ್ವಲ್ಪ ಮೇಲೇಳುತ್ತದೆ, ಉಗುರಿಗೆ ಸಿಗುತ್ತದೆ. ಆ ಚಾಕು ಹುಟ್ಟಿದ ಸವಾಯ್ ಪ್ರಾಂತ್ಯದವರು ಮಾಡುವುದೂ ಇದನ್ನೇ. ಜೂನ್‌ನಲ್ಲಿ ತೂಗಿದ ಮರದ ಹಿಡಿಯ ಚಾಕುವನ್ನು ಮಾರ್ಚ್‌ನಲ್ಲಿ ತೂಗಿದ ಇನ್ನೊಂದರೊಡನೆ ಹೋಲಿಸಿ ಒಂದೆರಡು ಗ್ರಾಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬಾರದು.

ತೂಕವನ್ನು ಎರಡಾಗಿ ಬರೆಯುವುದು ಉಪಯುಕ್ತ: ಬರೀ ಚಾಕುವಿನದು, ಮತ್ತು ಹೊತ್ತು ತಿರುಗುವಾಗಿನದು. ಬಕ್ 110 ಚಾಕುವಿನ ತೂಕ ಸುಮಾರು 204 ಗ್ರಾಂ. ಆದರೆ ಅದನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಬೆಲ್ಟಿನ ಚರ್ಮದ ಒರೆಯಲ್ಲಿಟ್ಟುಕೊಳ್ಳುತ್ತಾರೆ, ಆ ಒರೆಯ ತೂಕವೂ ಸೊಂಟದ ಮೇಲೆಯೇ ಬೀಳುತ್ತದೆ. ಮಾರಾಟದ ತಾಣಗಳಲ್ಲಿ ಕಾಣುವ ‘ಐಟಂ ವೆಯ್ಟ್’ ಎಂಬ ಸಂಖ್ಯೆ ಹಲವು ಸಲ ಪೆಟ್ಟಿಗೆ, ಒರೆ, ಕಾಗದ ಎಲ್ಲ ಸೇರಿದ ಪಾರ್ಸೆಲಿನ ತೂಕವಾಗಿರುತ್ತದೆ. ಬೆರಳುದ್ದದ ಚಾಕುವಿಗೆ ಕಾಲು ಕಿಲೋ ಎಂದು ಬರೆದಿದ್ದರೆ ಅದು ಚಾಕುವಿನ ತೂಕವಲ್ಲ ಎಂದು ತಿಳಿದು ತಯಾರಕರ ಪಟ್ಟಿಯನ್ನೇ ನೋಡಬೇಕು.

ಭಾರ ಎಲ್ಲಿಂದ ಬರುತ್ತದೆ

ಒಂದೇ ಗಾತ್ರದ ಎರಡು ಚಾಕುಗಳ ತೂಕ ಮೂರು ನಾಲ್ಕು ಪಟ್ಟು ಬೇರೆಯಾಗಲು ಮುಖ್ಯ ಕಾರಣ ಹಿಡಿಯ ವಸ್ತು. ಹಿಡಿಯಲ್ಲಿ 10 ಘನ ಸೆಂಟಿಮೀಟರಿನಷ್ಟು ವಸ್ತುವಿದೆ ಎಂದಿಟ್ಟುಕೊಂಡರೆ, ಬೀಚ್ ಮರದಲ್ಲಿ ಅದು ಸುಮಾರು 7 ಗ್ರಾಂ, ಗಾಜಿನ ನಾರು ಬೆರೆಸಿದ ನೈಲಾನ್‌ನಲ್ಲಿ 13-14 ಗ್ರಾಂ, ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಒತ್ತಿ ಮಾಡಿದ ಜಿ10 ಎಂಬ ಗಟ್ಟಿ ಹಲಗೆಯಲ್ಲಿ 18-19 ಗ್ರಾಂ, ಅಲ್ಯೂಮಿನಿಯಂನಲ್ಲಿ 27 ಗ್ರಾಂ, ಟೈಟಾನಿಯಂನಲ್ಲಿ 45 ಗ್ರಾಂ, ಉಕ್ಕಿನಲ್ಲಿ 78 ಗ್ರಾಂ, ಹಿತ್ತಾಳೆಯಲ್ಲಿ ಸುಮಾರು 85 ಗ್ರಾಂ ತೂಗುತ್ತದೆ. ಟೈಟಾನಿಯಂ ಎಂದರೆ ಬಹಳ ಹಗುರ ಎಂಬ ಭಾವನೆ ಜನರಲ್ಲಿದೆ. ಉಕ್ಕಿಗೆ ಹೋಲಿಸಿದರೆ ಅದು ನಿಜ, ಅಲ್ಯೂಮಿನಿಯಂಗೆ ಹೋಲಿಸಿದರೆ ನಿಜವಲ್ಲ.

ಈ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಕ್ 110ರ ಚಿತ್ರವನ್ನು ನೋಡಿದರೆ ಅದರ 204 ಗ್ರಾಂಗೆ ಕಾರಣ ಕಣ್ಣಿಗೇ ಕಾಣುತ್ತದೆ. ಹಿಡಿಯ ಎರಡೂ ತುದಿಗಳಲ್ಲಿ ಹೊಳೆಯುವ ದಪ್ಪ ಹಿತ್ತಾಳೆ, ಮರದ ಪಟ್ಟಿಗಳ ಕೆಳಗೂ ಹಿತ್ತಾಳೆ, ಬೆನ್ನಿನಲ್ಲಿ ಉಕ್ಕಿನ ಲಾಕ್. ಒಪಿನೆಲ್‌ನ ರಚನೆ ಇದಕ್ಕೆ ತೀರ ವಿರುದ್ಧ. ಒಂದೇ ಮರದ ತುಂಡಿನಲ್ಲಿ ಕೊರೆದ ಸೀಳು, ಅದರಲ್ಲಿ ತೆಳುವಾದ ಒಂದು ಅಲಗು, ಕುತ್ತಿಗೆಯಲ್ಲಿ ಉಕ್ಕಿನ ಪಟ್ಟಿ, ಅದರ ಮೇಲೆ ತಿರುಗಿಸಿ ಬಿಗಿಯುವ ಬಳೆ. ಒಳಗೆ ಸ್ಪ್ರಿಂಗ್ ಇಲ್ಲ, ತಗಡಿನ ಪದರಗಳಿಲ್ಲ. ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ವಿನ್ಯಾಸಕ್ಕೆ ಮುಖ್ಯವಾಗಿ ಸೇರಿಕೊಂಡದ್ದು 1955ರಲ್ಲಿ ಬಂದ ಆ ಬಳೆ. ಹೀಗಾಗಿ 85 ಮಿ.ಮೀ. ಅಲಗಿದ್ದರೂ ನಂ. 8ರ ತೂಕ 45 ಗ್ರಾಂ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬೆಂಚ್‌ಮೇಡ್ ಬಗೌಟ್ ಎಂಬ ಆಧುನಿಕ ಚಾಕು ನೈಲಾನ್ ಹಿಡಿ ಮತ್ತು ತೆಳು ಅಲಗಿನ ಸಹಾಯದಿಂದ 82 ಮಿ.ಮೀ. ಅಲಗನ್ನು 52 ಗ್ರಾಂನಲ್ಲಿ ಕೊಡುತ್ತದೆ, ಆದರೆ ಬೆಲೆಯಲ್ಲಿ ಎರಡಕ್ಕೂ ಅಜಗಜಾಂತರ.

ತೂಕದ ಮೊತ್ತದಷ್ಟೇ ಅದು ಎಲ್ಲಿ ನಿಂತಿದೆ ಎಂಬುದೂ ಕೈಗೆ ಗೊತ್ತಾಗುತ್ತದೆ. ಚಾಕುವನ್ನು ಬಿಚ್ಚಿ, ಲಾಕ್ ಬಿದ್ದಿದೆಯೆಂದು ಖಚಿತಪಡಿಸಿಕೊಂಡು, ಮೇಜಿನ ಮೇಲಿಟ್ಟ ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು ಅದು ಯಾವ ಬಿಂದುವಿನಲ್ಲಿ ತೂಗಿಕೊಂಡು ನಿಲ್ಲುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಆ ಬಿಂದು ತೋರುಬೆರಳು ಕುಳಿತುಕೊಳ್ಳುವ ಜಾಗದಲ್ಲಿದ್ದರೆ ಚಾಕು ತನ್ನ ತೂಕಕ್ಕಿಂತ ಹಗುರವೆನಿಸುತ್ತದೆ; ಅಂಗೈಯ ಹಿಂಭಾಗಕ್ಕೆ ಸರಿದಿದ್ದರೆ ಹಿಡಿ ಜೋತುಬೀಳುತ್ತದೆ.

ಹೋಲಿಕೆಗೆ ಎರಡು ಲೆಕ್ಕ

ಅಳತೆಗಳೆಲ್ಲ ಸಿದ್ಧವಾದ ಮೇಲೆ ಎರಡು ಭಾಗಾಕಾರ ಮಾಡಿದರೆ ಬೇರೆ ಬೇರೆ ಗಾತ್ರದ ಚಾಕುಗಳನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಬಹುದು. ಮೊದಲನೆಯದು, ಅಲಗಿನ ಉದ್ದವನ್ನು ಮಡಚಿದ ಉದ್ದದಿಂದ ಭಾಗಿಸುವುದು. ಒಪಿನೆಲ್ ನಂ. 8, ಬಕ್ 110, ಬಗೌಟ್ ಈ ಮೂರರಲ್ಲೂ ಉತ್ತರ 0.77 ಬರುತ್ತದೆ, ಸ್ಪೈಡರ್ಕೋ ಡೆಲಿಕಾದಲ್ಲಿ ಅಲಗು ಸುಮಾರು 73, ಮಡಚಿದ ಉದ್ದ 108 ಆಗಿರುವುದರಿಂದ 0.68. ಕಡಿಮೆ ಬಂದದ್ದೆಲ್ಲ ಕೆಟ್ಟದ್ದೆಂದು ತಿಳಿಯಬಾರದು, ಡೆಲಿಕಾದಲ್ಲಿ ಆ ಉಳಿದ ಜಾಗ ಬೆರಳುಗಳಿಗೆ ಸಿಕ್ಕಿದೆ. ಎರಡನೆಯದು, ತೂಕವನ್ನು ಅಲಗಿನ ಸೆಂಟಿಮೀಟರಿನಿಂದ ಭಾಗಿಸುವುದು. ಒಪಿನೆಲ್‌ನಲ್ಲಿ ಒಂದು ಸೆಂಟಿಮೀಟರ್ ಅಲಗಿಗೆ ಸುಮಾರು 5.3 ಗ್ರಾಂ ಹೊರಬೇಕು, ಬಗೌಟ್‌ನಲ್ಲಿ 6.3, 71 ಗ್ರಾಂ ತೂಗುವ ಡೆಲಿಕಾದಲ್ಲಿ 9.7, ಬಕ್‌ನಲ್ಲಿ 21.5. ನಾಲ್ಕೂ ಒಂದೇ ಅಲಗಿನ ಚಾಕುಗಳಾದ್ದರಿಂದ ಈ ಹೋಲಿಕೆ ನ್ಯಾಯವಾದದ್ದು.

ಹಲವು ಉಪಕರಣಗಳಿರುವ ಸ್ವಿಸ್ ಚಾಕುಗಳನ್ನು ಇದೇ ತಕ್ಕಡಿಯಲ್ಲಿ ತೂಗಬಾರದು. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸ್ಪಾರ್ಟನ್‌ನಿಂದ ಹಂಟ್ಸ್‌ಮನ್‌ಗೆ ಹೋಗುವಾಗ ಏರುವ 37 ಗ್ರಾಂಗೆ ಏನು ಬರುತ್ತದೆ? ಕತ್ತರಿ, ಮರದ ಗರಗಸ, ಒಂದು ಕೊಕ್ಕೆ ಬರುತ್ತವೆ. ಕತ್ತರಿ ದಿನವೂ ಬೇಕಾಗುವ ವಸ್ತು. ಗರಗಸದ ಬಗ್ಗೆ ನನಗೆ ಅನುಮಾನವಿದೆ, ಏಕೆಂದರೆ ತೋಟದಲ್ಲಿ ಓಡಾಡುವವರ ಸೊಂಟದ ಕೊಕ್ಕೆಯಲ್ಲಿ ಕತ್ತಿ ನೇತಾಡುತ್ತಲೇ ಇರುತ್ತದೆ. ಸಿಲ್ವರ್ ಓಕ್ ರೆಂಬೆಯನ್ನು ಒಂದೇ ಏಟಿಗೆ ಸವರುವ ಕತ್ತಿ ಕೈಯಲ್ಲಿರುವಾಗ ಬೆರಳುದ್ದದ ಗರಗಸವನ್ನು ಯಾರೂ ಬಿಚ್ಚುವುದಿಲ್ಲ. ಬಕ್ 110ರಂತಹ ಭಾರಿ ಚಾಕುವಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಕತ್ತಿಯಿಲ್ಲದ ಬೇಟೆಗಾರನಿಗಾಗಿ ಮಾಡಿದ ಚಾಕು, ಅದರ ಗಟ್ಟಿತನ ನಮ್ಮ ತೋಟದ ಕೆಲಸದಲ್ಲಿ ಬಳಕೆಗೇ ಬರುವುದಿಲ್ಲ.

ಕೊಳ್ಳುವ ಮೊದಲೇ ಜೇಬಿನಲ್ಲಿಟ್ಟು ನೋಡುವುದು

ಅಳೆದೂ ಸುರಿದೂ ಲೆಕ್ಕ ಹಾಕಿದ ಮೇಲೂ 71 ಗ್ರಾಂ ಎಂದರೆ ಜೇಬಿಗೆ ಎಷ್ಟು ಎಂಬುದು ಅಂದಾಜಿಗೆ ಸಿಗುವುದಿಲ್ಲ. ಅದಕ್ಕೆ ರಟ್ಟು ಮತ್ತು ನಾಣ್ಯಗಳಿಂದ ಒಂದು ಡಮ್ಮಿ ಮಾಡಿಕೊಳ್ಳಬಹುದು. ಪ್ರಿಂಟ್ ತೆಗೆದ ಚಿತ್ರವನ್ನು ಪಾರ್ಸೆಲ್ ಪೆಟ್ಟಿಗೆಯ ರಟ್ಟಿಗೆ ಅಂಟಿಸಿ, ಅಂಚಿನ ಗುಂಟ ಕತ್ತರಿಸಿ, ಅಂತಹುದೇ ಪದರಗಳನ್ನು ಒಂದರ ಮೇಲೊಂದು ಅಂಟಿಸುತ್ತ ಚಾಕುವಿನ ನಿಜವಾದ ದಪ್ಪಕ್ಕೆ ತರಬೇಕು. ಅದರ ಜೊತೆಗೆ ಬೇಕಾದಷ್ಟು ಹತ್ತು ರೂಪಾಯಿ ನಾಣ್ಯಗಳನ್ನು, ಹಿಡಿಯ ಭಾಗಕ್ಕೆ ಹೆಚ್ಚು ಬರುವಂತೆ, ಒಳಗಿನ ಪದರಗಳನ್ನು ಕೊರೆದು ಕೂರಿಸಿ ಟೇಪ್ ಸುತ್ತಬೇಕು. ನಾಣ್ಯದ ಅಗಲಕ್ಕೆ ಹಿಡಿ ಕಿರಿದಾದರೆ ನಾಣ್ಯಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅದೇ ಜೇಬಿಗೆ ಹಾಕಿಕೊಂಡರೂ ತೂಕದ ಅನುಭವಕ್ಕೆ ಸಾಕು. ಒಪಿನೆಲ್ ನಂ. 8ಕ್ಕೆ ಆರು ನಾಣ್ಯ, ಸ್ಪಾರ್ಟನ್‌ಗೆ ಎಂಟು, ಡೆಲಿಕಾಗೆ ಒಂಬತ್ತು, ಹಂಟ್ಸ್‌ಮನ್‌ಗೆ ಹದಿಮೂರು, ಬಕ್ 110ಕ್ಕೆ ಇಪ್ಪತ್ತಾರು ನಾಣ್ಯಗಳು ಹತ್ತಿರದ ತೂಕ ಕೊಡುತ್ತವೆ. ರಟ್ಟಿನ ತೂಕವೂ ಸೇರುವುದರಿಂದ ಕೊನೆಯಲ್ಲಿ ತಕ್ಕಡಿಗಿಟ್ಟು ಸರಿಪಡಿಸಿಕೊಳ್ಳಬೇಕು. ಅಂಗಡಿಗಳಲ್ಲಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡುವ ಈ ನಾಣ್ಯ ಇಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಆ ಡಮ್ಮಿಯನ್ನು ನೀವು ನಿಜವಾಗಿ ಚಾಕು ಇಟ್ಟುಕೊಳ್ಳುವ ಬಟ್ಟೆಯ ಜೇಬಿನಲ್ಲಿಯೇ ಇಟ್ಟುಕೊಂಡು ಒಂದು ದಿನದ ಕೆಲಸ ಮಾಡಬೇಕು. ಜೀನ್ಸ್‌ನಲ್ಲಿ ಗೊತ್ತೇ ಆಗದ ನೂರು ಗ್ರಾಂ, ತೆಳುವಾದ ಟೆರಿಕಾಟ್ ಪ್ಯಾಂಟಿನಲ್ಲಿ ಒಂದು ಬದಿಗೆ ಎಳೆಯುತ್ತದೆ. ತೋಟದ ಇಳಿಜಾರಿನಲ್ಲಿ ಇಳಿಯುವಾಗ ಜೇಬಿನ ತಳದಲ್ಲಿರುವ ವಸ್ತು ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಜೀಪಿನಲ್ಲಿ ಕುಳಿತಾಗ ಉದ್ದನೆಯ ಹಿಡಿಯ ತುದಿ ತೊಡೆಸಂದಿಗೆ ಒತ್ತುತ್ತದೆ. ಅಂಗಿಯ ಜೇಬಿನಲ್ಲಿಡುವ ಅಭ್ಯಾಸವಿರುವವರು ಬಗ್ಗಿ ನೋಡಬೇಕು: ಕ್ಲಿಪ್ ಇಲ್ಲದ ಚಾಕು ಅಲ್ಲಿಂದ ಜಾರಿ ಕಾಫಿ ಗಿಡದ ಬುಡದ ದರಗಿನಲ್ಲಿ ಬಿದ್ದರೆ ಸಿಗುವುದು ಕಷ್ಟ. ಹಸಿರು ಅಥವಾ ಕಂದು ಹಿಡಿಯಾದರೆ ಇನ್ನೂ ಕಷ್ಟ. ಪಂಚೆ ಉಡುವವರಿಗೆ ಜೇಬೇ ಇಲ್ಲ, ಒಳಚಡ್ಡಿಯ ಜೇಬು ಆಳವಿಲ್ಲ. ಅವರಿಗೆ 60 ಗ್ರಾಂ ಮೀರಿದ ಯಾವುದೂ ಒಪ್ಪುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಜೇಬು ಚಿಕ್ಕದನ್ನು ಬೇಡುತ್ತದೆ, ಕೈ ದೊಡ್ಡದನ್ನು ಬೇಡುತ್ತದೆ. ಕೈಯ ಬೇಡಿಕೆಯನ್ನೂ ಅಳೆಯಬಹುದು. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಜೋಡಿಸಿ, ಅವುಗಳ ಬುಡದಲ್ಲಿ ಅಂಗೈ ಎಷ್ಟು ಅಗಲವಿದೆ ಎಂದು ನೋಡಿ, ಅದಕ್ಕೆ ಒಂದು ಸೆಂಟಿಮೀಟರ್ ಕೂಡಿಸಿದರೆ ಮುಷ್ಟಿ ತುಂಬ ಹಿಡಿಯಲು ಬೇಕಾದ ಹಿಡಿಯ ಉದ್ದ ಸಿಗುತ್ತದೆ. ಅಂಗೈ 85 ಮಿ.ಮೀ. ಇರುವವರಿಗೆ 95 ಬೇಕು, 91 ಮಿ.ಮೀ.ನ ಸ್ವಿಸ್ ಚಾಕುವಿನಲ್ಲಿ ಅವರ ಕಿರುಬೆರಳು ಅರ್ಧ ಹೊರಗುಳಿಯುತ್ತದೆ. ಕಿತ್ತಳೆ ಸುಲಿಯಲು, ಲಕೋಟೆ ಒಡೆಯಲು ಅದರಿಂದ ಏನೂ ತೊಂದರೆಯಿಲ್ಲ. ಕಾಫಿ ಚೀಲದ ಬಾಯಿಯ ದಪ್ಪ ಸುತಲಿಯನ್ನು ಎಳೆದು ಕೊಯ್ಯುವಾಗ, ಅದರಲ್ಲಿಯೂ ಕೈ ಒದ್ದೆಯಿದ್ದಾಗ, ನಾಲ್ಕು ಬೆರಳೂ ಹಿಡಿಯ ಮೇಲಿರಬೇಕು. ಒಪಿನೆಲ್ ಬೇಕೆನ್ನುವವರಿಗೆ ಇದರಿಂದಲೇ ಸಂಖ್ಯೆ ಗೊತ್ತಾಗುತ್ತದೆ: ನಂ. 6ರ ಅಲಗು ಸುಮಾರು 7 ಸೆಂಟಿಮೀಟರ್, ನಂ. 8ರದು 8.5, ನಂ. 10ರದು 10 ಸೆಂಟಿಮೀಟರ್; ಹಿಡಿಗಳೂ ಅದೇ ಕ್ರಮದಲ್ಲಿ ಬೆಳೆಯುತ್ತವೆ. ಸಾಮಾನ್ಯ ಗಾತ್ರದ ಕೈಗೆ ನಂ. 8 ಸರಿ. ನಂ. 10 ಜೇಬಿಗಿಂತ ಅಡುಗೆಮನೆಗೆ ಹೆಚ್ಚು ಹೊಂದುತ್ತದೆ.

ಕಾಳುಮೆಣಸಿಗೋ ಹಣ್ಣಿನ ಗಿಡಗಳಿಗೋ ಕಸಿ ಕಟ್ಟುವ ಕೆಲಸಕ್ಕೆ ಚಾಕು ಹುಡುಕುವವರ ಲೆಕ್ಕ ಬೇರೆ. ಅಲ್ಲಿ ಚಾಕು ಜೇಬಿಗಿಂತ ಕೈಯಲ್ಲಿಯೇ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಮಡಚಿದ ಗಾತ್ರ ಮುಖ್ಯವಲ್ಲ. ಹಗುರವಾದ, ಒಂದೇ ಬದಿಗೆ ಸಾಣೆ ಹಿಡಿದ, ಚಿಕ್ಕ ನೇರ ಅಲಗು ಮುಖ್ಯ.

ಪ್ರಯಾಣ ಮತ್ತು ಕಾನೂನು

ಅಲಗಿನ ಅಳತೆ ಗೊತ್ತಿರುವುದು ಕಾನೂನಿನ ದೃಷ್ಟಿಯಿಂದಲೂ ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಗೃಹಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉದ್ದೇಶಕ್ಕೆ ಮಾಡಿದವುಗಳಿಗೆ ವಿನಾಯಿತಿ ಇದೆ. ಮಿಲಿಮೀಟರಿನಲ್ಲಿ ಇದು 229 ಮತ್ತು 51. ಇಲ್ಲಿ ಹೆಸರಿಸಿದ ಯಾವ ಚಾಕುವೂ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅಳತೆ ಮಿತಿಯೊಳಗಿದೆ ಎಂಬ ಕಾರಣಕ್ಕೆ ನ್ಯಾಯಾಲಯದ ಆವರಣಕ್ಕೋ ಭದ್ರತಾ ತಪಾಸಣೆ ಇರುವ ಕಚೇರಿಗೋ ಚಾಕು ಒಯ್ಯುವುದು ಉಚಿತವಲ್ಲ. ಬೆಂಗಳೂರು ಅಥವಾ ಮಂಗಳೂರಿನಿಂದ ವಿಮಾನ ಹತ್ತುವವರು, ಚಾಕು 21 ಗ್ರಾಂನದೇ ಆಗಿದ್ದರೂ, ಅದನ್ನು ಬೀಗದ ಕೈ ಗೊಂಚಲಿನಿಂದ ಬಿಚ್ಚಿ ಚೆಕ್-ಇನ್ ಮಾಡುವ ಪೆಟ್ಟಿಗೆಯೊಳಗೆ ಇಡಬೇಕು.